ಪುತ್ತರಿ ಕಳೆದ ಮೇಲೆ ಕುಟ್ಟದ ಚಳಿಯಲ್ಲಿ ಅಜ್ಜಿಯ ಮಕ್ಕಳೆಲ್ಲ ಸೇರಿದ ಬಗೆ

ಕೊಡಗಿನಲ್ಲಿ ಕುಟುಂಬ ಒಂದೆಡೆ ಸೇರುವುದಕ್ಕೆ ನೆಪಗಳ ಕೊರತೆಯಿಲ್ಲ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ, ಕಾವೇರಿ ಸಂಕ್ರಮಣ, ಹೊಸ ಭತ್ತದ ಕದಿರು ತರುವ ಪುತ್ತರಿ, ಕಾರಣರಿಗೆ ಅಂದರೆ ಗತಿಸಿದ ಹಿರಿಯರಿಗೆ ಎಡೆ ಇಡುವ ದಿನ, ಬೇಸಿಗೆ ಬಂತೆಂದರೆ ಕುಟುಂಬಗಳ ನಡುವಿನ ಹಾಕಿ ಹಬ್ಬ. ಆದರೆ ಇಲ್ಲೆಲ್ಲ ಕೂಡುವವರು ಒಕ್ಕದವರು, ಅಂದರೆ ಗಂಡುಮಕ್ಕಳ ಸಾಲಿನವರು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಪುತ್ತರಿಯ ರಾತ್ರಿ ಗಂಡನ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ, ಕದಿರಿಗಾಗಿ ದೀಪ ಹಚ್ಚಿಕೊಂಡು ನಿಂತಿರುತ್ತಾರೆ, ತವರಿಗೆ ಬರುವುದು ಹೇಗೆ? ನನ್ನ ಅಜ್ಜಿಗೆ ಐವರು ಹೆಣ್ಣುಮಕ್ಕಳು, ಮೂವರು ಗಂಡುಮಕ್ಕಳು. ಎಂಟು ಮಂದಿಯೂ ತಮ್ಮ ಮಕ್ಕಳು ಮೊಮ್ಮಕ್ಕಳೊಡನೆ ಒಟ್ಟಾಗಿ ಕಂಡದ್ದು ಅಜ್ಜ ತೀರಿಕೊಂಡಾಗ, ಮಾದದ ಅಂದರೆ ಉತ್ತರಕ್ರಿಯೆಯ ದಿನ. ಅಂದು ಅಜ್ಜಿಗೆ ಯಾರ ಮುಖವನ್ನೂ ನೋಡುವ ಶಕ್ತಿ ಇರಲಿಲ್ಲ. ಅವರು ಕಣ್ಣು ತುಂಬ ನೋಡಬೇಕಾದ ಸೇರುವಿಕೆಯೊಂದು ಆಗಲೇಬೇಕು ಎಂದು ಅವರ ಎರಡನೆಯ ಮಗಳ ಮಗಳಾದ ನಾನು ಹಟ ಹಿಡಿದೆ. ಎಪ್ಪತ್ತಕ್ಕೂ ಹೆಚ್ಚು ಜನ, ಮೂರು ಹಗಲು, ನಾಗರಹೊಳೆಯ ಅಂಚಿನ ಡಿಸೆಂಬರ್ ಚಳಿ. ಅದನ್ನು ಹೇಗೆ ಹೊಂದಿಸಿದೆವು ಎಂಬುದನ್ನು, ಇಂಥದ್ದೇ ಆಸೆ ಇರುವವರಿಗಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಕಷ್ಟದ ಕೆಲಸ ದಿನ ಗೊತ್ತುಮಾಡುವುದು. ಹಬ್ಬದ ದಿನ ಬೇಡ ಎಂಬುದು ಮೊದಲೇ ತೀರ್ಮಾನವಾಗಿತ್ತು, ಏಕೆಂದರೆ ಹಬ್ಬ ಎಂದರೆ ಹೆಣ್ಣುಮಕ್ಕಳು ಹಂಚಿಹೋಗುವ ದಿನ. ಪುತ್ತರಿಯ ಮುಹೂರ್ತವನ್ನು ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡುತ್ತಾರೆ. ಅದು ನವೆಂಬರ್ ಕೊನೆಗೋ ಡಿಸೆಂಬರ್ ನಡುವಿಗೋ ಬೀಳುತ್ತದೆ. ಆ ಬಳಿಕ ಗದ್ದೆ ಕೊಯ್ಲು. ಜನವರಿ ಹೊಸ್ತಿಲಿಗೆ ಬಂದರೆ ದಕ್ಷಿಣ ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಶುರುವಾಗುತ್ತದೆ, ಆಗ ಬೆಳೆಗಾರರನ್ನು ತೋಟದಿಂದ ಹೊರಗೆ ಎಳೆದು ತರಲು ಯಾರಿಂದಲೂ ಆಗದು. ಈ ಎರಡರ ನಡುವೆ ಸಿಗುವ ಚಿಕ್ಕ ಬಿಡುವು ಬೆಂಗಳೂರಿನ ಮಕ್ಕಳ ಕ್ರಿಸ್‌ಮಸ್ ರಜೆಗೆ ಸರಿಯಾಗಿ ಹೊಂದುತ್ತದೆ. ಹಣ್ಣು ಇನ್ನೂ ಗಿಡದಲ್ಲೇ ಇರುವುದರಿಂದ ಕಾಫಿ ಒಣಗಿಸುವ ಕಣ ಖಾಲಿ ಇರುತ್ತದೆ ಎಂಬುದು ಇನ್ನೊಂದು ದೊಡ್ಡ ಅನುಕೂಲ. ಕಲ್ಯಾಣ ಮಂಟಪ ಹುಡುಕಬೇಕಾಗಿಲ್ಲ. ಕಣದ ಸಿಮೆಂಟ್ ನೆಲ ಬೆಳಗ್ಗೆ ಹತ್ತರ ಹೊತ್ತಿಗೆ ಬಿಸಿಲು ಕುಡಿದು ಬೆಚ್ಚಗಾಗುತ್ತದೆ, ಚಾಪೆ ಹಾಸಿದರೆ ಹಿರಿಯರು ಅಲ್ಲಿಂದ ಏಳುವುದೇ ಇಲ್ಲ.

ಜಾಗ ದಕ್ಷಿಣ ಕೊಡಗಿನಲ್ಲಿ, ಕೇರಳದ ಗಡಿಗೆ ಹತ್ತಿರದ ಕುಟ್ಟದ ಬಳಿ ದೊಡ್ಡ ಮಾವನ ತೋಟ. ಅದರ ಹಿಂದಿನ ತಲೆಯಲ್ಲಿ ಆನೆ ಕಂದಕ, ಅದರಾಚೆ ಕಾಡು. ಅಜ್ಜಿ ಸೊಸೆಯಾಗಿ ಈ ಮನೆಗೆ ಬಂದಾಗ ಅದಿನ್ನೂ ರಾಷ್ಟ್ರೀಯ ಉದ್ಯಾನವಾಗಿರಲಿಲ್ಲ. 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನಿಂದ ಮರ ಎಳೆದು ತರುತ್ತಿದ್ದ ಸಾಕಾನೆಗಳನ್ನು ಕಂಡ ಅಜ್ಜಿ, ಜೀಪಿನಲ್ಲಿ ಕೂತು ಕಾಡಾನೆಯ ಫೋಟೊ ತೆಗೆಯುವ ಮರಿಮಕ್ಕಳು, ಇಬ್ಬರೂ ಒಂದೇ ಅಂಗಳದಲ್ಲಿ ಕೂರಬೇಕು ಎಂಬುದೇ ಈ ಜಾಗವನ್ನು ಆರಿಸಿದ್ದಕ್ಕೆ ಕಾರಣ. ಮಲಗಲು ಮಾವನ ಮನೆ ಸಾಲದು. ಸುತ್ತಲಿನ ಎರಡು ಹೋಮ್‌ಸ್ಟೇಗಳನ್ನು ಪೂರ್ತಿಯಾಗಿ ಹಿಡಿದುಕೊಂಡೆವು. ಆದರೆ ಅರವತ್ತು ದಾಟಿದವರೆಲ್ಲರನ್ನೂ ಮಾವನ ಮನೆಯಲ್ಲೇ ಉಳಿಸಿದೆವು. ಊಟ, ಬೆಂಕಿ, ಮಾತು ಇರುವ ಕಡೆಯೇ ಅವರ ಹಾಸಿಗೆಯೂ ಇರಬೇಕು. ರಾತ್ರಿ ಒಂಬತ್ತಕ್ಕೆ ಮಂಜಿನಲ್ಲಿ ಅವರನ್ನು ಕಾರು ಹತ್ತಿಸುವ ಏರ್ಪಾಡು ಇದ್ದರೆ ಸಂಜೆ ಏಳಕ್ಕೇ ಅವರ ಮನಸ್ಸು ಹೊರಟು ನಿಂತುಬಿಡುತ್ತದೆ.

ದಾರಿಯ ವಿಷಯದಲ್ಲಿ ಒಂದೇ ಮಾತನ್ನು ಎಲ್ಲರಿಗೂ ಮತ್ತೆ ಮತ್ತೆ ಹೇಳಿದೆ. ಹುಣಸೂರಿನಿಂದ ವೀರನಹೊಸಹಳ್ಳಿ, ನಾಗರಹೊಳೆ, ನಾಣಚ್ಚಿ ಗೇಟ್ ಮೂಲಕ ಕುಟ್ಟಕ್ಕೆ ಬರುವ ಕಾಡಿನ ರಸ್ತೆ ಹತ್ತಿರವಾಗಿ ಕಂಡರೂ ಅದು ಸಂಜೆ ಆರಕ್ಕೆ ಮುಚ್ಚುತ್ತದೆ, ದ್ವಿಚಕ್ರ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ, ನಡುವೆ ನಿಲ್ಲಿಸುವಂತಿಲ್ಲ. ವಾಂತಿ ಬರುವ ಮಗು, ಪದೇ ಪದೇ ಇಳಿಯಬೇಕಾದ ಹಿರಿಯರು ಇದ್ದರೆ ತಿತಿಮತಿ, ಗೋಣಿಕೊಪ್ಪಲು, ಪೊನ್ನಂಪೇಟೆ, ಶ್ರೀಮಂಗಲದ ದಾರಿಯೇ ಸರಿ. ಗೋಣಿಕೊಪ್ಪಲಿನಲ್ಲಿ ಇಳಿದು ಕಾಫಿ ಕುಡಿಯಬಹುದು, ಮರೆತ ಔಷಧಿ ಕೊಳ್ಳಬಹುದು. ಕೊಲ್ಲಿಯಿಂದ ಬಂದ ಚಿಕ್ಕ ಮಾವನ ಮಗ ಕಣ್ಣೂರಿನಲ್ಲಿ ವಿಮಾನ ಇಳಿದು, ವಯನಾಡಿನ ತೋಲ್ಪೆಟ್ಟಿ ಕಡೆಯಿಂದ ಕುಟ್ಟ ಸೇರಿದ.

ಇನ್ನು ಚಳಿ. ಬೇರೆ ಊರಿನವರು ಕೊಡಗಿನ ಚಳಿಯನ್ನು ಲಘುವಾಗಿ ಎಣಿಸುತ್ತಾರೆ. ಡಿಸೆಂಬರ್ ಕೊನೆಯಲ್ಲಿ ನಸುಕಿನ ತಾಪಮಾನ ಸುಮಾರು 14 ಡಿಗ್ರಿಗೆ ಇಳಿಯುತ್ತದೆ. ಸಂಖ್ಯೆ ದೊಡ್ಡದೆನಿಸದು, ಆದರೆ ಕಾಡಿನ ಅಂಚಿನ ಮಂಜಿನಲ್ಲಿ ಬಟ್ಟೆ, ಹಾಸಿಗೆ, ಕುರ್ಚಿ ಎಲ್ಲವೂ ತೇವವಾಗಿರುತ್ತವೆ. ಆ ತೇವವೇ ಮೂಳೆಗೆ ಇಳಿಯುವುದು. ಆದ್ದರಿಂದ ಕಣದ ಮೇಲೆ ಶಾಮಿಯಾನ ಹಾಕಿಸಿದ್ದು ಬಿಸಿಲಿಗಲ್ಲ, ರಾತ್ರಿಯ ಮಂಜಿಗೆ. ಬಾಡಿಗೆಗೆ ತಂದ ರಗ್ಗುಗಳನ್ನು ಎರಡು ದಿನ ಮೊದಲೇ ತರಿಸಿ ಬಿಸಿಲಿಗೆ ಒಣಹಾಕಿದೆವು. ಸ್ನಾನದ ನೀರಿಗೆ ಹೊರಗೆ ಎರಡು ದೊಡ್ಡ ಹಂಡೆ, ಕೆಳಗೆ ಕಾಫಿ ಬೊಡ್ಡೆಯ ಬೆಂಕಿ. ಕಾಫಿ ಗಿಡದ ಹಳೆಯ ಬೊಡ್ಡೆ ನಿಧಾನವಾಗಿ, ಹೊಗೆ ಕಡಿಮೆಯಾಗಿ, ರಾತ್ರಿಯೆಲ್ಲ ಉರಿಯುತ್ತದೆ. ಹಿರಿಯರ ಸ್ನಾನ ಹತ್ತು ಗಂಟೆಯ ಮೇಲೆಯೇ ಎಂದು ನಿಯಮ ಮಾಡಿದೆವು. ಮುಂಜಾನೆ ಐದಕ್ಕೆ ಮಿಂದು ಅಭ್ಯಾಸವಾದ ದೊಡ್ಡಮ್ಮನನ್ನು ಒಪ್ಪಿಸಲು ಅಜ್ಜಿಯಿಂದಲೇ ಹೇಳಿಸಬೇಕಾಯಿತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಮಲಗುವ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಬಾಗಿಲು ಮುಚ್ಚಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ನಮ್ಮಲ್ಲಿ ಬೆಂಕಿ ಎಲ್ಲಾ ಹೊರಗೆ, ಕೋಣೆಯೊಳಗೆ ಬಿಸಿನೀರಿನ ರಬ್ಬರ್ ಚೀಲ. ಅಜ್ಜಿಗೆ ಬಚ್ಚಲಿಗೆ ಅಂಟಿಕೊಂಡಿರುವ, ಮೂಡಣ ಕಿಟಕಿಯ ಕೋಣೆ ಕೊಟ್ಟೆವು. ರಾತ್ರಿ ಏಳಬೇಕಾದಾಗ ತಣ್ಣನೆಯ ಜಗಲಿ ದಾಟುವುದು ತಪ್ಪಿತು. ಉಬ್ಬಸ ಇರುವ ಬಾವನಿಗೆ ಬೆಂಕಿಯಿಂದ ದೂರದ ಕುರ್ಚಿ ಹಾಕಿ ಎರಡು ರಗ್ಗು ಹೊದಿಸಿದೆವು.

ಚಳಿಗೆಂದೇ ಮಾಡಿದ ಇನ್ನೊಂದು ಏರ್ಪಾಡು ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಬೈಲಕುಪ್ಪೆಯ ಟಿಬೆಟಿಯನ್ನರ ಅಂಗಡಿಯಿಂದ ಎಂಟು ಬಣ್ಣದ ಉಣ್ಣೆ ಟೋಪಿಗಳನ್ನು ತಂದು, ಅಜ್ಜಿಯ ಒಬ್ಬೊಬ್ಬ ಮಗ, ಮಗಳ ಕವಲಿಗೆ ಒಂದೊಂದು ಬಣ್ಣ ಕೊಟ್ಟೆ. ಎದೆಗೆ ಹೆಸರಿನ ಚೀಟಿ ಚುಚ್ಚಿಕೊಳ್ಳುವುದನ್ನು ನಮ್ಮ ಹಿರಿಯರು ಒಪ್ಪುವವರಲ್ಲ. ಟೋಪಿಯನ್ನು ಚಳಿಯೇ ತೊಡಿಸಿತು. "ನೀಲಿ ಟೋಪಿ ಎಂದರೆ ನೀನು ನನ್ನ ಮೂರನೆಯವಳ ಮೊಮ್ಮಗನಲ್ಲವೇ?" ಎಂದು ಅಜ್ಜಿ ಒಬ್ಬೊಬ್ಬರನ್ನೇ ಹತ್ತಿರ ಕರೆದು ಮುಖ ಸವರುತ್ತಿದ್ದರು. ಕಣ್ಣು ಮಂಜಾದವರಿಗೆ ಬಣ್ಣ ಕಾಣುತ್ತದೆ, ಮುಖ ಆಮೇಲೆ. ಸಫಾರಿಗೆ ಹೊರಡುವವರು ಮಾತ್ರ ಕೆಂಪು, ಹಳದಿ ಟೋಪಿಗಳನ್ನು ಮನೆಯಲ್ಲೇ ಬಿಟ್ಟರು. ಕಾಡಿಗೆ ಮಣ್ಣಿನ ಬಣ್ಣ, ಎಲೆಯ ಬಣ್ಣ ಸಾಕು.

ಅಡುಗೆಗೆ ಹೊರಗಿನವರನ್ನು ಕರೆಸಿದೆವು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. ತವರಿಗೆ ಬಂದ ಐವರು ಅಕ್ಕತಂಗಿಯರು ಮತ್ತೆ ಒಲೆಯ ಮುಂದೆ ನಿಂತರೆ ಈ ಸೇರುವಿಕೆಗೆ ಅರ್ಥವೇ ಇರುವುದಿಲ್ಲ. ಆದರೂ ಕಡಂಬುಟ್ಟಿನ ಉಂಡೆ ಕಟ್ಟುವುದನ್ನು ಅವರೇ ಬಿಟ್ಟುಕೊಡಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಸುತ್ತ ಕೂತು, ಬೆಂದ ತರಿ ಅಕ್ಕಿಯನ್ನು ಅಂಗೈಯಲ್ಲಿ ಉರುಟು ಮಾಡುತ್ತಾ ಐವರೂ ಆಡಿದ ಮಾತುಗಳನ್ನು ಅಡುಗೆಯವರು ಬರೆದುಕೊಂಡಿದ್ದರೆ ನಮ್ಮ ಮನೆಯ ಅರ್ಧ ಚರಿತ್ರೆ ಸಿಕ್ಕುತ್ತಿತ್ತು. ಪಂದಿ ಕರಿಯನ್ನು, ಅಂದರೆ ಹಂದಿ ಮಾಂಸದ ಸಾರನ್ನು, ಹಿಂದಿನ ದಿನವೇ ಮಾಡಿಸಿದೆವು. ಕಾಚಂಪುಳಿಯ ಕಪ್ಪು ಹುಳಿ ಮಾಂಸಕ್ಕೆ ಇಳಿಯಲು ಒಂದು ರಾತ್ರಿ ಬೇಕು. ಬೆಳಗ್ಗೆ ಅಕ್ಕಿ ರೊಟ್ಟಿಗೆ ಜೇನು ಮತ್ತು ಕಳಲೆಯ ಬೈಂಬಳೆ, ಒಂದು ದಿನ ಹಾಲು ಹಾಕಿ ಬೇಯಿಸಿದ ಪಾಪುಟ್ಟು, ಇನ್ನೊಂದು ದಿನ ಶಾವಿಗೆಯಂಥ ನೂಲ್ ಪುಟ್ಟು. ಮಾಂಸ ತಿನ್ನದ ಸೊಸೆಯಂದಿರು, ಅಳಿಯಂದಿರು ಇದ್ದಾರೆ. ಅವರಿಗೆ ಕುಂಬಳ ಕರಿ, ಕಡಲೆ ಕರಿ ಬೇರೆ ಒಲೆಯಲ್ಲಿ, ಬೇರೆ ಸೌಟಿನಲ್ಲಿ ಆಗುತ್ತಿತ್ತು. ಬಡಿಸುವಾಗಲೂ ಅವರ ಸಾಲಿಗೇ ಮೊದಲು. ಬೆಲ್ಲದ ಕಾಫಿಯ ಪಾತ್ರೆ ಬೆಂಕಿಯ ಮೇಲಿಂದ ಇಳಿಯಲೇ ಇಲ್ಲ. ಬುಟ್ಟಿಯ ತುಂಬ ಕಿತ್ತಳೆ.

ಆನೆಯ ಸಂಗತಿಯನ್ನು ಬಂದವರಿಗೆ ಮೊದಲ ಸಂಜೆಯೇ ತಿಳಿಸಿದೆವು. ಭತ್ತ ಬಲಿಯುವ ಹೊತ್ತಿನಲ್ಲಿ ಆನೆಗಳು ಕಂದಕ ದಾಟಿ ಬರುತ್ತವೆ. ಕೊಯ್ಲು ಮುಗಿದರೂ ತೋಟದ ನೆರಳಿನಲ್ಲಿ ಕೆಲವು ಉಳಿದುಕೊಳ್ಳುತ್ತವೆ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ತೋಟದಲ್ಲಿ ಆನೆ ಇದೆ ಎಂಬ ಸುದ್ದಿ ಬರುತ್ತಿರುತ್ತದೆ, ಮಾವ ಅದನ್ನು ಸಂಜೆ ಎಲ್ಲರಿಗೂ ಓದಿ ಹೇಳುತ್ತಿದ್ದರು. ಕತ್ತಲಾದ ಮೇಲೆ ಯಾರೂ ತೋಟದ ದಾರಿಯಲ್ಲಿ ನಡೆಯುವಂತಿಲ್ಲ. ಹೋಮ್‌ಸ್ಟೇಗೆ ಹೋಗುವವರು ವಾಹನದಲ್ಲಿ, ಒಟ್ಟಿಗೆ. ಉಳಿದ ಅನ್ನವನ್ನು ಹೊರಗೆ ಸುರಿಯದೆ ಆಳವಾದ ಗುಂಡಿಯಲ್ಲಿ ಮುಚ್ಚಿಸಿದೆವು, ಇಲ್ಲದಿದ್ದರೆ ಕಾಡುಹಂದಿ ಅಂಗಳಕ್ಕೇ ಬರುತ್ತದೆ. ಧ್ವನಿವರ್ಧಕವನ್ನೂ ತರಿಸಲಿಲ್ಲ. ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಮಾವಂದಿರು ಹಾಡಿದರು. ವಾಲಗಕ್ಕೆ ಹಗಲು ಹೊತ್ತಿನಲ್ಲೇ ಕಣದಲ್ಲಿ ಕುಣಿದೆವು. ಕಾಡಿನ ಪಕ್ಕ ಅಷ್ಟು ಮರ್ಯಾದೆ ಇರಲೇಬೇಕು.

ಸಫಾರಿಗೆ ಎಲ್ಲರನ್ನೂ ಎಳೆಯಲಿಲ್ಲ. ಕಾಡು ನೋಡುವುದೇ ಕಾರ್ಯಕ್ರಮವಾದರೆ ಎಪ್ಪತ್ತು ಜನರ ಮೂರು ದಿನ ಸೀಟು, ಸರದಿ, ಗುರುತಿನ ಚೀಟಿಗಳಲ್ಲೇ ಕರಗಿಹೋಗುತ್ತದೆ. ನಾಣಚ್ಚಿ ಗೇಟಿನ ಬೆಳಗಿನ ಸಫಾರಿ ಯುವಕರಿಗೆ, ಮಧ್ಯಾಹ್ನದ್ದು ಮಕ್ಕಳಿಗೂ ಅವರ ತಾಯಂದಿರಿಗೂ. ಬೆಳಗಿನ ತೆರೆದ ವಾಹನದಲ್ಲಿ ಗಾಳಿ ಕಿವಿ ಕೊಯ್ಯುತ್ತದೆ, ಸಣ್ಣ ಮಕ್ಕಳಿಗೆ ಅದು ಹಿಂಸೆ. ಹುಲಿ ಕಾಣುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಬೇಡಿ. ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ತೇವದ ಹುಲ್ಲುಬಯಲುಗಳಲ್ಲಿ, ಮಂಜು ಏಳುವಾಗ ಮೇಯುವ ಕಾಟಿಗಳನ್ನು ಅಂದರೆ ಕಾಡುಕೋಣಗಳನ್ನು, ಮರಿಯನ್ನು ಕಾಲುಗಳ ನಡುವೆ ಮರೆಮಾಡಿ ನಿಂತ ಆನೆಯನ್ನು ನೋಡಿ ಬಂದವರು ಸಂಜೆಯವರೆಗೂ ಅದನ್ನೇ ಹೇಳುತ್ತಿದ್ದರು.

ಹೊರಡುವ ಮುನ್ನ ದೊಡ್ಡ ಮಾವ ಹುಡುಗರಿಗೆ ಕೆ. ಎಂ. ಚಿಣ್ಣಪ್ಪನವರ ಕಥೆ ಹೇಳಿದರು. ಇದೇ ದಕ್ಷಿಣ ಕೊಡಗಿನವರು, ನಾಗರಹೊಳೆಯಲ್ಲಿ ರೇಂಜರ್ ಆಗಿ ದಶಕಗಳ ಕಾಲ ಕಳ್ಳಬೇಟೆಗೂ ಮರಗಳ್ಳರಿಗೂ ಎದುರು ನಿಂತವರು, ಆ ಕಾರಣಕ್ಕೆ ಊರಿನವರ ಹಗೆಯನ್ನೂ ಕಟ್ಟಿಕೊಂಡವರು. ಬೇಟೆಯನ್ನು ಹೆಮ್ಮೆಯೆಂದು ಬಗೆದಿದ್ದ ನಮ್ಮಂಥ ಮನೆಗಳಲ್ಲಿ ಈ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಹಾಗೆಯೇ ಗೇಟಿನೊಳಗಿನ ಆದಿವಾಸಿ ಹಾಡಿಗಳಲ್ಲಿ ಜೇನುಕುರುಬರು, ಎರವರು ಬದುಕುತ್ತಿದ್ದಾರೆ, ಈ ಕಾಡು ಎಲ್ಲರಿಗಿಂತ ಮೊದಲು ಅವರ ಮನೆ, ಅವರತ್ತ ಮೊಬೈಲ್ ತಿರುಗಿಸಬಾರದು ಎಂದೂ ಹೇಳಿ ಕಳುಹಿಸಿದೆವು.

ಇರ್ಪುವಿಗೆ ಹೋದದ್ದು ಅಜ್ಜಿಯ ಬಯಕೆ. ರಾಮೇಶ್ವರ ದೇವಸ್ಥಾನದವರೆಗೆ ಕಾರು ಹೋಗುತ್ತದೆ, ಹಿರಿಯರು ಅಲ್ಲೇ ಉಳಿದರು. ಉಳಿದವರು ಬ್ರಹ್ಮಗಿರಿಯ ತಪ್ಪಲಿನಲ್ಲಿ ಮೆಟ್ಟಿಲು ಹತ್ತಿ ಲಕ್ಷ್ಮಣತೀರ್ಥದ ಜಲಪಾತ ನೋಡಿ ಬಂದರು. ಒಬ್ಬ ಹುಡುಗ ಅಲ್ಲಿಂದ ಬಾಟಲಿಯಲ್ಲಿ ತಂದ ನೀರನ್ನು ಅಜ್ಜಿ ಕಣ್ಣಿಗೆ ಒತ್ತಿಕೊಂಡರು.

ಕೊಯ್ದ ಗದ್ದೆಯಲ್ಲಿ ಹಾಕಿ ಆಡಿದೆವು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯಲ್ಲಿ ನಾವು ಬೇರೆ ಬೇರೆ ಒಕ್ಕದ ಹೆಸರಿನಲ್ಲಿ ಎದುರುಬದುರಾಗಿ ಆಡುವವರು. ಇಲ್ಲಿ ಅಜ್ಜಿಯ ಹೆಣ್ಣುಮಕ್ಕಳ ಕಡೆ, ಗಂಡುಮಕ್ಕಳ ಕಡೆ ಎಂದು ಎರಡು ತಂಡ. ನನ್ನ ತಾಯಿ ಅರುವತ್ತೈದನೆಯ ವಯಸ್ಸಿನಲ್ಲಿ ಗೋಲು ಕಾಯಲು ನಿಂತರು. ಹೆಣ್ಣುಮಕ್ಕಳ ಕಡೆ ಗೆದ್ದಿತು.

ಕೊನೆಯ ರಾತ್ರಿ ಹಳೆಯ ಫೋಟೊಗಳ ಸರದಿ. ಎಲ್ಲರೂ ತಮ್ಮ ಮನೆಯ ಪೆಟ್ಟಿಗೆಯಲ್ಲಿದ್ದುದನ್ನು ತರಬೇಕು ಎಂದು ತಿಂಗಳ ಮೊದಲೇ ಹೇಳಿದ್ದೆ. ಬೆಂಕಿಯ ಪಕ್ಕ ಅಜ್ಜಿ ಒಂದೊಂದನ್ನೇ ಹಿಡಿದು ಇದು ಯಾರು, ಯಾವ ಮನೆಗೆ ಹೋದವರು, ಯಾವ ಮಳೆಗಾಲದಲ್ಲಿ ತೀರಿಕೊಂಡರು ಎಂದು ಹೇಳುತ್ತಿದ್ದರೆ ಇಬ್ಬರು ಧ್ವನಿಮುದ್ರಣ ಮಾಡುತ್ತಿದ್ದರು, ಒಬ್ಬಳು ಫೋಟೊದ ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದಳು. ಈ ಕೆಲಸವನ್ನು ಮೊದಲ ರಾತ್ರಿ ಇಡಬೇಡಿ. ಆಗ ಎಲ್ಲರಿಗೂ ಪ್ರಯಾಣದ ದಣಿವು, ಪರಸ್ಪರ ಸಂಕೋಚ. ಎರಡು ದಿನ ಒಂದೇ ಬೆಂಕಿಗೆ ಕೈ ಚಾಚಿ ಕೂತ ಮೇಲೆ ಹುಡುಗರೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ.

ಖರ್ಚನ್ನು ತಲೆಗೆ ಇಷ್ಟು ಎಂದು ಹಾಕಲಿಲ್ಲ, ಎಂಟು ಕವಲಿಗೆ ಎಂಟು ಪಾಲು. ಪ್ರತಿ ಕವಲಿನೊಳಗೆ ಯಾರು ಎಷ್ಟು ಕೊಡಬೇಕು ಎಂಬುದು ಅವರವರ ನಡುವಿನ ಮಾತು. ಹಣದ ಅಡಚಣೆ ಇದ್ದ ಮನೆಯ ಹೆಸರು ಹೀಗೆ ಹೊರಗೆ ಬರಲಿಲ್ಲ. ಅಡುಗೆಯವರು, ಶಾಮಿಯಾನದವರು, ರಗ್ಗಿನವರು, ಹೋಮ್‌ಸ್ಟೇಯವರು ಯಾರು, ಎಷ್ಟು ಮುಂಗಡ, ಯಾರಿಗೆ ಯಾವ ಔಷಧಿ, ಯಾರು ಮೆಟ್ಟಿಲು ಹತ್ತಲಾರರು, ಎಲ್ಲವನ್ನೂ ಬರೆದ ನೋಟ್‌ಬುಕ್ ಈಗ ಹಸಿರು ಟೋಪಿಯವರ ಬಳಿ ಇದೆ. ಮುಂದಿನ ಪುತ್ತರಿಯ ಮುಹೂರ್ತ ಗೊತ್ತಾದ ದಿನವೇ ಹೋಮ್‌ಸ್ಟೇಗೆ ಫೋನ್ ಮಾಡುವುದು ಅವರ ಹೊಣೆ.