ಹಸುವಿಗೆ ಇಂಜೆಕ್ಷನ್ ಆಯ್ತು, ಹಾಲು ಯಾವಾಗ ಮಾರಬಹುದು?

ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ್ದೀರಿ. ಎರಡು ದಿನಕ್ಕೆ ಬಾವು ಇಳಿಯಿತು, ಹಸು ಮೇವು ತಿಂತು, ಹಾಲೂ ಬೆಳ್ಳಗೆ ಬಂತು. ಎಲ್ಲರೂ ಎಡವುವುದು ಇಲ್ಲೇ. ಹಸು ಹುಷಾರಾದ ಮಾತ್ರಕ್ಕೆ ಔಷಧ ಅದರ ಮೈ ಬಿಟ್ಟು ಹೋಗಿರುವುದಿಲ್ಲ.

ಮೊದಲು ಬಾಟಲಿಯ ಲೇಬಲ್ ಓದಿ. ವಿತ್‌ಡ್ರಾವಲ್ ಪೀರಿಯಡ್ ಅಂತ ಇರುತ್ತದೆ, ಅಂದರೆ ಎಷ್ಟು ದಿನ ಕಾಯಬೇಕು ಅನ್ನುವ ಲೆಕ್ಕ. ಹಾಲಿಗೆ ಬೇರೆ, ಮಾಂಸಕ್ಕೆ ಬೇರೆ. ಎಣಿಸಬೇಕಾದ್ದು ಕೊನೆಯ ಡೋಸ್‌ನಿಂದ.

ಈ ದಿನಗಳನ್ನು ಯಾರೋ ಸುಮ್ನೆ ಬರೆದಿಲ್ಲ. ಆ ಔಷಧ ಮನುಷ್ಯನ ಹೊಟ್ಟೆಗೆ ಜೀವನಪೂರ್ತಿ ದಿನಾ ಹೋದರೂ ತೊಂದರೆಯಾಗದ ಪ್ರಮಾಣ ಎಷ್ಟು ಅಂತ ವಿಜ್ಞಾನಿಗಳು ಮೊದಲು ಗುರುತಿಸುತ್ತಾರೆ, ಆಮೇಲೆ ಒಬ್ಬ ಮನುಷ್ಯ ದಿನಕ್ಕೆ 300 ಗ್ರಾಂ ಮಾಂಸ, 100 ಗ್ರಾಂ ಲಿವರ್, 1.5 ಲೀಟರ್ ಹಾಲು ಹೀಗೆ ಜಾಸ್ತಿಯೇ ತಿಂದ ಅಂತ ಹಿಡಿದು, ಒಂದೊಂದಕ್ಕೂ ಗರಿಷ್ಠ ಮಿತಿ ಹಾಕುತ್ತಾರೆ. ಆ ಮಿತಿಗಿಂತ ಕೆಳಗೆ ಇಳಿಯಲು ಬೇಕಾದ ಸಮಯವೇ ನಿಮ್ಮ ಕಾಯುವ ದಿನ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಲೀಟರ್ ಹಾಲಿನಲ್ಲಿ ಪೆನಿಸಿಲಿನ್ ಅನ್ನುವ ಆಂಟಿಬಯಾಟಿಕ್ 4 ಮೈಕ್ರೋಗ್ರಾಂ (ಗ್ರಾಂನ ಹತ್ತು ಲಕ್ಷ ಭಾಗದಲ್ಲಿ 4 ಭಾಗ) ಮೀರಬಾರದು. ಲೆಕ್ಕ ಹಾಕಿ ನೋಡಿ, ಒಂದೇ ಒಂದು ಗ್ರಾಂ ಪೆನಿಸಿಲಿನ್ ಸಾಕು, 2.5 ಲಕ್ಷ ಲೀಟರ್ ಹಾಲು ಆ ಮಿತಿ ಮುಟ್ಟುತ್ತದೆ! ಒಬ್ಬರ ಒಂದು ಕ್ಯಾನ್ ಇಡೀ ಟ್ಯಾಂಕರ್ ಕೆಡಿಸುವುದು ಹೀಗೆ.

ಬೇಗ ವಾಸಿಯಾಗಲಿ ಅಂತ ನೀವೇ ಡೋಸ್ ಏರಿಸಿದರೆ ಲೇಬಲ್ಲಿನ ದಿನಗಳಿಗೆ ಬೆಲೆಯೇ ಇಲ್ಲ. ಪಶುವೈದ್ಯರನ್ನು ಕೇಳಿ ಹೊಸದಾಗಿ ಎಣಿಸಿ.

ಚಿಕಿತ್ಸೆಯಲ್ಲಿರುವ ಹಸುವಿನ ಕಾಲಿಗೆ ಬಣ್ಣದ ಪಟ್ಟಿ ಕಟ್ಟಿ. ಹಾಲು ಕರೆಯಲು ಬೇರೆಯವರು ಬಂದರೂ ಕಣ್ಣಿಗೆ ಬೀಳುತ್ತದೆ. ಅದನ್ನು ಕೊನೆಗೆ ಕರೆಯಿರಿ, ಬೇರೆ ಪಾತ್ರೆಗೆ. ಒಂದೇ ಮೊಲೆಗೆ ಔಷಧ ಹಾಕಿದ್ದರೂ ನಾಲ್ಕರ ಹಾಲನ್ನೂ ಬಿಡಬೇಕು, ಔಷಧ ರಕ್ತದ ಮೂಲಕ ಉಳಿದ ಮೂರಕ್ಕೂ ಹೋಗುತ್ತದೆ. ಕುದಿಸಿದರೆ ಹೋಗುತ್ತಲ್ವಾ ಅನ್ನಬೇಡಿ. ಕುದಿಸಿದರೆ ಸಾಯುವುದು ರೋಗಾಣು, ಔಷಧದ ಬಹುಪಾಲು ಉಳಿದೇ ಇರುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದು ನಿಜಕ್ಕೂ ಅಪಾಯ.

ಕ್ಲೋರಾಂಫೆನಿಕಾಲ್ ಅನ್ನುವ ಆಂಟಿಬಯಾಟಿಕ್ ಮಾತ್ರ ಎಷ್ಟು ದಿನ ಕಾಯುತ್ತೇನೆಂದರೂ ಬೇಡವೇ ಬೇಡ. ಅಪರೂಪಕ್ಕಾದರೂ ಅದು ಮನುಷ್ಯನ ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟುವುದನ್ನೇ ನಿಲ್ಲಿಸುತ್ತದೆ. ಇಷ್ಟು ಇದ್ದರೆ ಸುರಕ್ಷಿತ ಅನ್ನುವ ಪ್ರಮಾಣವೇ ಅದಕ್ಕಿಲ್ಲ.

ದಿನ ಮುಗಿದ ಮೇಲೂ ಅನುಮಾನವಿದ್ದರೆ ಹಾಲನ್ನು ಟೆಸ್ಟ್ ಮಾಡಿಸಿ. ಸಾಮಾನ್ಯ ಕಿಟ್ ಒಂದರಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಅದು ಬೆಳೆದರೆ ನೇರಳೆ ಬಣ್ಣ ಹಳದಿಯಾಗುತ್ತದೆ. ನೇರಳೆಯಾಗಿಯೇ ಉಳಿಯಿತಾ? ಹಾಲಿನಲ್ಲಿರುವ ಔಷಧ ಬ್ಯಾಕ್ಟೀರಿಯಾವನ್ನು ಬೆಳೆಯಲು ಬಿಟ್ಟಿಲ್ಲ, ಇನ್ನೂ ಮಾರಬೇಡಿ.