ಅಪ್ಪ ಅಮ್ಮಂದಿರಿಂದ ವೇವರ್ ತುಂಬಿಸಿಕೊಳ್ಳುವುದು: ಒಬ್ಬ ಸಾಕರ್ ಟೀಮ್ ಮ್ಯಾನೇಜರ್ ಅನುಭವ

ಅಮೆರಿಕದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಕ್ಕಳ ಸಾಕರ್ ಟೀಮಿಗೆ ಮ್ಯಾನೇಜರ್ ಆದರೆ ಆಟಕ್ಕೂ ನಮಗೂ ಅಷ್ಟು ಸಂಬಂಧ ಇರುವುದಿಲ್ಲ. ಆಟ ಕಲಿಸಲು ಕೋಚ್ ಇದ್ದಾರೆ. ಹೋಟೆಲ್ ರೂಮು, ಈ ವಾರ ಯಾವ ಬಣ್ಣದ ಜರ್ಸಿ, ಹಾಫ್ ಟೈಮಿಗೆ ಕಿತ್ತಳೆ ಹಣ್ಣು ಯಾರು ತರುತ್ತಾರೆ, ಇವೆಲ್ಲ ಮ್ಯಾನೇಜರ್ ತಲೆನೋವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫಾರಂಗಳದ್ದು, ಅಂದರೆ ಮಕ್ಕಳು ಆಡುವ ಮೊದಲು ಅಪ್ಪ ಅಮ್ಮ ಸೈನ್ ಹಾಕಬೇಕಾದ ವೇವರ್‌ಗಳದ್ದು. ಮಗಳು ಪುಟ್ಟವಳಿದ್ದಾಗ ಬೇರೆ ಯಾರೂ ಮುಂದೆ ಬರಲಿಲ್ಲ ಅಂತ ನಾನು ಒಪ್ಪಿಕೊಂಡೆ. ಈಗ ಅವಳು ಒಂದೊಂದು ಕಡೆ ಒಂಬತ್ತು ಜನ ಆಡುವ ದೊಡ್ಡ ಮೈದಾನಕ್ಕೆ ಬಂದಿದ್ದಾಳೆ. ನಾನು ಇನ್ನೂ ಫಾರಂಗಳ ಬೆನ್ನು ಹತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. "ಸೈನ್ ಹಾಕಲ್ಲ" ಅನ್ನುವ ಅಪ್ಪ ಅಮ್ಮ ನನಗೆ ಸಿಕ್ಕಿದ್ದು ತೀರಾ ಕಡಿಮೆ. ಲೇಟಾದ ಫಾರಂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ. ಎಲ್ಲಿ ಅಂತ ಪತ್ತೆ ಹಚ್ಚುವುದೇ ನಮ್ಮ ಕೆಲಸ. ಅದು ಬಿಟ್ಟು ಗ್ರೂಪಿನಲ್ಲಿ ಪದೇ ಪದೇ ಜ್ಞಾಪಿಸಿದರೆ ಹೆಬ್ಬೆರಳಿನ ಎಮೋಜಿ ಬರುತ್ತದೆ, ಫಾರಂ ಬರುವುದಿಲ್ಲ.

ವೇವರ್ ಅಂತ ಒಂದೇ ಹೆಸರಿನಲ್ಲಿ ಕರೆದರೂ ಅದೊಂದು ಕಟ್ಟು. ಪೆಟ್ಟಾದರೆ ಕ್ಲಬ್ ಮೇಲೆ ಕೇಸ್ ಹಾಕುವುದಿಲ್ಲ ಅನ್ನುವ ಮುಚ್ಚಳಿಕೆ ಒಂದು. ನಾವು ಹತ್ತಿರ ಇಲ್ಲದಾಗ ಮಗುವಿಗೆ ಚಿಕಿತ್ಸೆ ಕೊಡಿಸಬಹುದು ಅನ್ನುವ ಒಪ್ಪಿಗೆ ಇನ್ನೊಂದು. ಇವುಗಳ ಜೊತೆ ಕ್ಯಾಲಿಫೋರ್ನಿಯಾ ಕಾನೂನು ಕೇಳುವ ಹಾಳೆಗಳಿವೆ. 2017ರ ಜನವರಿಯಿಂದ, ತಲೆಗೆ ಪೆಟ್ಟು ಬಿದ್ದರೆ ಏನಾಗುತ್ತದೆ ಅನ್ನುವ ಮಾಹಿತಿ ಹಾಳೆಗೆ, ಅಂದರೆ ಕನ್ಕಷನ್ ಶೀಟಿಗೆ, ಪ್ರತಿ ವರ್ಷ ಮಗುವೂ ಸೈನ್ ಹಾಕಬೇಕು, ಪೋಷಕರೂ ಹಾಕಬೇಕು. ಪ್ರಾಕ್ಟೀಸ್ ಶುರುವಾಗುವ ಮೊದಲೇ. ಇದ್ದಕ್ಕಿದ್ದಂತೆ ಹೃದಯ ನಿಂತುಹೋಗುವ ಅಪಾಯದ ಬಗ್ಗೆ ಒಂದು ಹಾಳೆ ಇದೆ. ಓಪಿಯಾಯ್ಡ್ ಮಾತ್ರೆಗಳ ಬಗ್ಗೆಯೂ ಒಂದಿದೆ. ಅದನ್ನು ನೋಡಿದ ಅಮ್ಮಂದಿರೆಲ್ಲ ನನಗೆ ಫೋನ್ ಮಾಡುತ್ತಾರೆ: "ಹನ್ನೊಂದು ವರ್ಷದ ಹುಡುಗಿಗೆ ಇದೆಲ್ಲ ಯಾಕೆ?" ಕಾಲು ಮುರಿದಾಗ ಡಾಕ್ಟರ್ ಬರೆದುಕೊಡುವ ನೋವಿನ ಮಾತ್ರೆಯಿಂದಲೇ ಎಷ್ಟೋ ಮಕ್ಕಳಿಗೆ ಚಟ ಹತ್ತಿದೆ, ಅದಕ್ಕೆ ಅಂತ ಹೇಳುತ್ತೇನೆ. ಒಂದು ಕ್ಷಣ ಸುಮ್ಮನಾಗಿ, ಸೈನ್ ಹಾಕುತ್ತಾರೆ.

ಈ ಹಾಳೆಗಳ ಹಿಂದೆ ಒಂದು ಕಥೆ ಇದೆ ಅಂತ ಗೊತ್ತಾದರೆ ಕೆಲಸ ಸಲೀಸು. 2006ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ಅಮೆರಿಕನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ತಿಂದ. ಅದೇ ಆಟದಲ್ಲಿ ಮತ್ತೆ ಮೈದಾನಕ್ಕಿಳಿದ. ಮಿದುಳಿಗೆ ಗಂಭೀರ ಹಾನಿಯಾಗಿ, ಅವನು ಮತ್ತೆ ಮಾತು ಕಲಿಯಬೇಕಾಯಿತು, ನಿಲ್ಲುವುದನ್ನೂ ಕಲಿಯಬೇಕಾಯಿತು. 2009ರಲ್ಲಿ ಅವನ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. 2014ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಇಂಥದ್ದೊಂದು ಕಾನೂನಿತ್ತು. ಸೀಸನ್ ಶುರುವಿನ ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ಇದನ್ನು ಎರಡು ನಿಮಿಷ ಹೇಳುತ್ತೇನೆ. ಕನ್ಕಷನ್ ಇರಬಹುದು ಅಂತ ಅನುಮಾನ ಬಂದರೆ ಮಗು ಆ ದಿನ ಪೂರ್ತಿ ಆಚೆ, ಡಾಕ್ಟರ್ ಚೀಟಿ ಇಲ್ಲದೆ ವಾಪಸ್ ಇಲ್ಲ, ಕನ್ಕಷನ್ ಅಂತ ಖಚಿತವಾದರೆ ಕನಿಷ್ಠ 7 ದಿನ ಹಂತ ಹಂತವಾಗಿಯೇ ಆಟಕ್ಕೆ ಮರಳಬೇಕು. ಇದನ್ನು ಅವತ್ತೇ ಕೇಳಿಸಿಕೊಂಡವರು ಸೆಮಿಫೈನಲ್ ದಿನ ಕೋಚ್ ಜೊತೆ ಜಗಳಕ್ಕೆ ಬರುವುದಿಲ್ಲ. ಫಾರಂ ಕೂಡ ಬೇಗ ಬರುತ್ತದೆ.

ಈಗ ಫಾರಂ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನೋಡೋಣ.

ಎಲ್ಲಕ್ಕಿಂತ ಜಾಸ್ತಿ ಸಿಕ್ಕಿಕೊಳ್ಳುವುದು ಇಮೇಲಿನಲ್ಲಿ. ಫಾರಂ ತುಂಬುವುದು ಆನ್‌ಲೈನಿನಲ್ಲಿ, ಅದರ ಲಿಂಕ್ ಬರುವುದು ಯಾವುದೋ ಗೊತ್ತಿಲ್ಲದ ವಿಳಾಸದಿಂದ. ಅದು ಪ್ರೊಮೋಷನ್ಸ್ ಡಬ್ಬಕ್ಕೆ ಹೋಗಿ, ಕೂಪನ್‌ಗಳ ಮಧ್ಯೆ ಬಿದ್ದಿರುತ್ತದೆ. ಇನ್ನು ಕೆಲವರು ಮಗುವನ್ನು ಕ್ಲಬ್ಬಿಗೆ ಸೇರಿಸುವಾಗ ಆಫೀಸ್ ಇಮೇಲ್ ಕೊಟ್ಟಿರುತ್ತಾರೆ. ಆಮೇಲೆ ಕಂಪನಿ ಬದಲಾಯಿಸಿರುತ್ತಾರೆ, ಇಲ್ಲ ಲೇಆಫ್ ಆಗಿರುತ್ತದೆ. ಫಾರಂ ಮುಚ್ಚಿಹೋದ ಇಮೇಲಿಗೆ ಹೋಗುತ್ತಲೇ ಇರುತ್ತದೆ, ನಾವು ಇಲ್ಲಿಂದ ಜ್ಞಾಪಿಸುತ್ತಲೇ ಇರುತ್ತೇವೆ. ಹಾಗಾಗಿ ಯಾರದ್ದಾದರೂ ಬಾಕಿ ಇದ್ದರೆ ನಾನು ಮೊದಲು ಕೇಳುವುದು "ತುಂಬಿದ್ರಾ?" ಅಂತ ಅಲ್ಲ. "ಲಿಂಕ್ ಬಂದಿದೆಯಾ? ಯಾವ ಇಮೇಲಿಗೆ ಬಂದಿದೆ?" ಅಂತ. ಈ ಪ್ರಶ್ನೆಗೆ ಯಾರಿಗೂ ಮುಜುಗರ ಆಗುವುದಿಲ್ಲ. ಉತ್ತರ ತಕ್ಷಣ ಬರುತ್ತದೆ.

ಆಮೇಲೆ ಬರುವುದು ಗಂಡ ಹೆಂಡತಿ ಸಮಸ್ಯೆ. ಅವರು ತುಂಬಿರಬೇಕು ಅಂತ ಇವರು, ಇವರು ತುಂಬಿರಬೇಕು ಅಂತ ಅವರು. ಇಬ್ಬರೂ ಗ್ರೂಪಿನಲ್ಲಿರುತ್ತಾರೆ, ಇಬ್ಬರೂ ಮೆಸೇಜ್ ಓದಿರುತ್ತಾರೆ. ಸೀಸನ್ ಶುರುವಿನಲ್ಲೇ ನಾನು ಪ್ರತಿ ಮನೆಯಿಂದ ಒಬ್ಬರ ಹೆಸರು ಬರೆಸಿಕೊಳ್ಳುತ್ತೇನೆ: ಫಾರಂ ಕೆಲಸ ಯಾರದ್ದು? ಆಮೇಲೆ ಆ ಒಬ್ಬರಿಗೇ ಮೆಸೇಜ್. ಬೇರೆ ಬೇರೆ ಇರುವ ಅಪ್ಪ ಅಮ್ಮಂದಿರ ವಿಷಯದಲ್ಲೂ ಇದು ಒಳ್ಳೆಯದು. ಯಾರು ಸೈನ್ ಹಾಕಬೇಕು ಅನ್ನುವುದನ್ನು ಅವರೇ ನಿರ್ಧರಿಸಿಕೊಂಡಿರುತ್ತಾರೆ, ನಾವು ಗ್ರೂಪಿನಲ್ಲಿ ಕೆದಕಬೇಕಾಗಿಲ್ಲ.

ಅಣ್ಣ ತಂಗಿ ಇಬ್ಬರೂ ಒಂದೇ ಕ್ಲಬ್ಬಿನಲ್ಲಿ ಆಡುವ ಮನೆಗಳಲ್ಲಿ ಒಬ್ಬರಿಗೆ ತುಂಬಿ ಇಬ್ಬರದ್ದೂ ಆಯಿತು ಅಂದುಕೊಳ್ಳುತ್ತಾರೆ. ಇದು ಪ್ರತಿ ಸಲ ಆಗುತ್ತದೆ. ಹೇಳಿ ಬಗೆಹರಿಯುವುದಿಲ್ಲ, ಅವರಿಗೆ ಎರಡು ಲಿಂಕುಗಳನ್ನು ಮಕ್ಕಳ ಹೆಸರಿನೊಂದಿಗೆ ಬೇರೆ ಬೇರೆ ಮೆಸೇಜ್ ಆಗಿ ಕಳಿಸಬೇಕು.

ಇನ್ನು ಫಾರಂ ತೆರೆದ ಮೇಲಿನ ತೊಡಕು. ಒಂದು ಸಂಜೆ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ನಮ್ಮ ಟೀಮಿನ ಒಬ್ಬ ಅಪ್ಪ ಫೋನ್ ಹಿಡಿದುಕೊಂಡು ಬಂದರು. "ನಾನು ತುಂಬಿ ವಾರ ಆಯಿತು, ನಿಮ್ಮ ಪಟ್ಟಿಯಲ್ಲಿ ಯಾಕೆ ಬಾಕಿ ಅಂತಲೇ ಬರ್ತಿದೆ ಮೇಡಂ?" ತೆಗೆದು ನೋಡಿದರೆ ಎಲ್ಲ ತುಂಬಿದ್ದರು. ಸೈನ್ ಕೂಡ ಬೆರಳಲ್ಲಿ ಚೆಂದವಾಗಿ ಹಾಕಿದ್ದರು. ಪುಟದ ಮಧ್ಯೆ ಒಂದು ಸಣ್ಣ ಹಳದಿ ಚೌಕ, ಇನಿಷಿಯಲ್ ಹಾಕುವ ಜಾಗ, ಖಾಲಿ ಉಳಿದಿತ್ತು. ಅದರಿಂದ ಕೊನೆಯ ಬಟನ್ ಬೂದು ಬಣ್ಣದಲ್ಲೇ ನಿಂತಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ, ತಪ್ಪು ಎಲ್ಲಿ ಅಂತಲೂ ಅದು ಹೇಳುತ್ತಿರಲಿಲ್ಲ. ಎರಡು ಅಕ್ಷರ ಹಾಕಿದರು, ಮುಗಿಯಿತು. ಅಂದಿನಿಂದ "ಆಯಿತು" ಅನ್ನುವ ಮೆಸೇಜನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. "ನಿಮಗೆ ಕನ್ಫರ್ಮೇಷನ್ ಇಮೇಲ್ ಬಂತಾ?" ಅಂತ ಕೇಳುತ್ತೇನೆ. ವಾಟ್ಸಾಪ್ ಒಳಗಿಂದಲೇ ಲಿಂಕ್ ತೆರೆದರೆ ಕೆಲವು ಫೋನುಗಳಲ್ಲಿ ಸೈನ್ ಹಾಕುವ ಡಬ್ಬ ಬೆರಳಿಗೆ ಜಗ್ಗುವುದೇ ಇಲ್ಲ. ಬ್ರೌಸರ್‌ನಲ್ಲಿ ತೆರೆಯಿರಿ ಅಂತ ಲಿಂಕ್ ಪಕ್ಕದಲ್ಲೇ ಬರೆದುಬಿಡುತ್ತೇನೆ.

ಫೋನಿನ ಆಟೋಫಿಲ್ ಇನ್ನೊಂದು ಕಾಟ. ಆಟಗಾರ್ತಿಯ ಹೆಸರು ಅನ್ನುವಲ್ಲಿ ಅದು ಅಮ್ಮನ ಹೆಸರು, ಅಮ್ಮನ ಹುಟ್ಟಿದ ದಿನ ಹಾಕಿಬಿಡುತ್ತದೆ. ಹನ್ನೆರಡರ ಒಳಗಿನವರ ಟೀಮಿನಲ್ಲಿ 1983ರಲ್ಲಿ ಹುಟ್ಟಿದ ಮಿಡ್‌ಫೀಲ್ಡರ್! ಟೂರ್ನಮೆಂಟಿನವರು ನಗುವುದಿಲ್ಲ, ಫಾರಂ ವಾಪಸ್ ಕಳಿಸುತ್ತಾರೆ.

ತಾರೀಕಿನದ್ದು ನಮ್ಮ ಇಂಡಿಯಾದವರ ಗೊಂದಲ. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 8ಕ್ಕೆ ಹುಟ್ಟಿದ ಮಗು ಫಾರಂನಲ್ಲಿ ಆಗಸ್ಟ್ 3ರದ್ದಾಗುತ್ತದೆ, ಪ್ಲೇಯರ್ ಕಾರ್ಡಿನ ಜೊತೆ ತಾಳೆ ಆಗುವುದಿಲ್ಲ. ಹೆಸರಿನ ಕಥೆ ಇದಕ್ಕಿಂತ ದೊಡ್ಡದು. ಮನೆಯಲ್ಲಿ ಕರೆಯುವ ಹೆಸರು ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಲಾಸ್ಟ್ ನೇಮ್ ಜಾಗದಲ್ಲಿ ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಒಬ್ಬರು ಊರಿನ ಹೆಸರು, ಒಬ್ಬರು ಬರೀ ಇನಿಷಿಯಲ್. ಕ್ಲಬ್ ರಿಜಿಸ್ಟ್ರೇಷನ್ನಿನಲ್ಲಿ ಒಂದು ಥರ, ವೇವರ್‌ನಲ್ಲಿ ಇನ್ನೊಂದು ಥರ ಬಂದರೆ ಸಿಸ್ಟಮ್ ಅವರನ್ನು ಇಬ್ಬರು ಮಕ್ಕಳು ಅಂದುಕೊಳ್ಳುತ್ತದೆ. ಈಗ ನಾನು ಲಿಂಕ್ ಜೊತೆ ಕಾರ್ಡಿನಲ್ಲಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿ ಕಳಿಸುತ್ತೇನೆ, "ಇದನ್ನೇ ಕಾಪಿ ಮಾಡಿ ಹಾಕಿ" ಅಂತ. ನಮ್ಮ ಟೀಮಿನ ಮೆಕ್ಸಿಕನ್ ಮನೆಗಳಿಗೂ ಇದರಿಂದ ಅನುಕೂಲ ಆಯಿತು. ಅವರಲ್ಲಿ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಎರಡೆರಡು ಸರ್‌ನೇಮ್.

ಮೆಡಿಕಲ್ ಭಾಗದಲ್ಲಿ ಜನ ನಿಲ್ಲುವುದಕ್ಕೆ ಕಾರಣ ಬೇರೆ. ಇನ್ಷೂರೆನ್ಸ್ ನಂಬರ್, ಮಕ್ಕಳ ಡಾಕ್ಟರ್ ಫೋನ್, ಕೊನೆಯ ಟೆಟನಸ್ ಇಂಜೆಕ್ಷನ್ ಯಾವಾಗ, ಇವು ಯಾರಿಗೂ ಬಾಯಿಗೆ ಬರುವುದಿಲ್ಲ. ಆಮೇಲೆ ನೋಡೋಣ ಅಂತ ಮುಚ್ಚಿದ ಫಾರಂ ಮತ್ತೆ ತೆರೆಯುವುದಿಲ್ಲ. ಅದಕ್ಕೆ ನನ್ನ ಮೆಸೇಜ್ ಈಗ ಹೀಗಿರುತ್ತದೆ: "ಐದು ನಿಮಿಷದ ಕೆಲಸ. ಇನ್ಷೂರೆನ್ಸ್ ಕಾರ್ಡ್ ಮತ್ತು ಡಾಕ್ಟರ್ ನಂಬರ್ ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಗುರುವಾರ ರಾತ್ರಿಯೊಳಗೆ ಬೇಕು, ಶುಕ್ರವಾರ ನಾನು ರೋಸ್ಟರ್ (ಆಟಗಾರರ ಪಟ್ಟಿ) ಕಳಿಸುತ್ತೇನೆ." ಈ ಮೆಸೇಜನ್ನು ಭಾನುವಾರ ರಾತ್ರಿ ಎಂಟೂವರೆ ಮೇಲೆ ಕಳಿಸುತ್ತೇನೆ. ಆಗ ಎಲ್ಲರೂ ಮನೆಯಲ್ಲಿರುತ್ತಾರೆ, ಮಕ್ಕಳ ಊಟ ಆಗಿರುತ್ತದೆ, ಆಫೀಸಿನ ಇಂಡಿಯಾ ಟೀಮಿನ ಕಾಲ್ ಇನ್ನೂ ಶುರುವಾಗಿರುವುದಿಲ್ಲ. ಮಂಗಳವಾರ ಮಧ್ಯಾಹ್ನ ಕಳಿಸಿದ ಮೆಸೇಜ್ ಮೀಟಿಂಗುಗಳ ಮಧ್ಯೆ ಕಳೆದುಹೋಗುತ್ತದೆ.

ಉಳಿದವರನ್ನು ಪ್ರಾಕ್ಟೀಸ್ ಮೈದಾನದಲ್ಲಿ ಹಿಡಿಯುತ್ತೇನೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಟೀ, ಫೋನಿಗೆ ಹಾಟ್‌ಸ್ಪಾಟ್. ಪಕ್ಕದಲ್ಲಿ ಕೂತರೆ ಹೆಚ್ಚಿನವರದ್ದು ಅಲ್ಲೇ ಮುಗಿದುಹೋಗುತ್ತದೆ. ಬಾಕಿ ಇರುವವರ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಕ್ಕಳ ಕೈಯಲ್ಲಿ ಹೇಳಿಕಳಿಸುವುದಂತೂ ಬೇಡವೇ ಬೇಡ. ಅಪ್ಪ ಫಾರಂ ತುಂಬಲಿಲ್ಲ ಅಂದರೆ ಆ ಮಗುವಿನದ್ದೇನು ತಪ್ಪು?

ಸಂಜೆ ಮಕ್ಕಳನ್ನು ಕರೆತರುವವರು ಎಷ್ಟೋ ಸಲ ಊರಿಂದ ಬಂದಿರುವ ಅಜ್ಜ ಅಜ್ಜಿ. ಹಾಸನದ ಕಡೆಯ ಒಬ್ಬರು ನನ್ನ ಫೋನ್ ನೋಡಿ, "ಕೊಡಮ್ಮ ಇಲ್ಲಿ, ನಾನೇ ಸೈನ್ ಹಾಕ್ತೀನಿ, ಮೊಮ್ಮಗಳು ನಂದೇ ಅಲ್ವಾ" ಅಂದರು. "ಇಲ್ಲ ಅಂಕಲ್, ಅಪ್ಪ ಅಮ್ಮನೇ ಹಾಕಬೇಕು, ಇಲ್ಲಾಂದ್ರೆ ಕೋರ್ಟು ಅನುಮತಿ ಕೊಟ್ಟ ಪೋಷಕರು" ಅಂದೆ. ಪಾಪ, ಸ್ವಲ್ಪ ಬೇಜಾರಾಯಿತು ಅವರಿಗೆ. "ನೀವೇ ಒಂದು ಗೀಚಿಬಿಡಿ ಮೇಡಂ, ನಾನು ಪ್ಲೇನ್ ಹತ್ತುತ್ತಿದ್ದೀನಿ" ಅನ್ನುವವರೂ ಇದ್ದಾರೆ. ಅದನ್ನು ನಾನು ಎಂದೂ ಮಾಡುವುದಿಲ್ಲ. 2000ದಲ್ಲಿ ಬಂದ ಫೆಡರಲ್ ಕಾನೂನಿನಿಂದ ಆನ್‌ಲೈನ್ ಸೈನಿಗೂ ಕಾಗದದ ಸೈನಿನಷ್ಟೇ ಬೆಲೆ ಇದೆ. ಆದರೆ ಬೇರೆಯವರು ಹಾಕಿದ ಸೈನಿಗೆ ಎರಡರಲ್ಲೂ ಬೆಲೆ ಇಲ್ಲ.

ಪೂರ್ತಿ ಓದಿ ಪ್ರಶ್ನೆ ಕೇಳುವವರು ನನಗೆ ಇಷ್ಟ. ಒಬ್ಬರು ನೇರವಾಗಿ ಕೇಳಿದರು: "ನಿಮ್ಮ ಗೋಲ್ ಪೋಸ್ಟ್ ನನ್ನ ಮಗಳ ಮೇಲೆ ಬಿದ್ದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಾ?" ನಾನು ಲಾಯರ್ ಅಲ್ಲ, ನನಗೆ ತಿಳಿದಷ್ಟು ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ಪರವಾಗಿ ಪೋಷಕರು ಹಾಕಿದ ವೇವರ್ ಅನ್ನು ಕೋರ್ಟುಗಳು ಒಪ್ಪುತ್ತವೆ. ಆದರೆ 2007ರಲ್ಲಿ, ಸಾಂಟಾ ಬಾರ್ಬರಾ ನಗರದ ಬೇಸಿಗೆ ಶಿಬಿರದಲ್ಲಿ ಈಜುವಾಗ ಮುಳುಗಿ ತೀರಿಹೋದ ಹುಡುಗಿಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಘೋರ ನಿರ್ಲಕ್ಷ್ಯಕ್ಕೆ ವೇವರ್ ರಕ್ಷಣೆ ಇಲ್ಲ. ಗೋಲ್ ಪೋಸ್ಟ್ ಅಲ್ಲಾಡುತ್ತಿದೆ ಅಂತ ಗೊತ್ತಿದ್ದೂ ಅದಕ್ಕೆ ಮರಳು ಚೀಲ ಇಡದೆ ಆಡಿಸಿದರೆ, ಸೈನ್ ತೋರಿಸಿ ಕ್ಲಬ್ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ನ್ಯೂಜೆರ್ಸಿಯಲ್ಲಿ ಇನ್ನೂ ಬೇರೆ. ಸ್ಕೇಟ್‌ಬೋರ್ಡ್ ಪಾರ್ಕಿನಲ್ಲಿ ಕಾಲು ಮುರಿದುಕೊಂಡ ಹುಡುಗನ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲೇ, ಹಣ ಪಡೆದು ಆಡಿಸುವ ಇಂಥ ಕಡೆ ಮಗುವಿನ ಹಕ್ಕನ್ನು ಅಪ್ಪ ಅಮ್ಮ ಮೊದಲೇ ಬರೆದುಕೊಡಲು ಆಗುವುದಿಲ್ಲ ಅಂದಿತು. ಅವರು ಕೇಳಿಸಿಕೊಂಡರು, ಮನೆಗೆ ಹೋಗಿ ಸೈನ್ ಹಾಕಿದರು. ಮುಂದಿನ ಶನಿವಾರ ಬಂದು ಗೋಲ್ ಪೋಸ್ಟಿನ ಹಿಂದಿನ ಮರಳು ಚೀಲಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಈಗ ಆ ಕೆಲಸ ಅವರದ್ದೇ.

ನನ್ನ ದೃಷ್ಟಿಯಲ್ಲಿ ಇಡೀ ಕಟ್ಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಚಿಕಿತ್ಸೆಯ ಒಪ್ಪಿಗೆ. ಜೀವಕ್ಕೆ ಅಪಾಯ ಇದ್ದರೆ ಎಮರ್ಜೆನ್ಸಿಯಲ್ಲಿ ಯಾರೂ ಫಾರಂಗೆ ಕಾಯುವುದಿಲ್ಲ. ಆದರೆ ಗಲ್ಲ ಹರಿದು ಎರಡು ಹೊಲಿಗೆ ಬೇಕು, ಅಪ್ಪ ಅಮ್ಮ ಇನ್ನೊಂದು ಮಗುವಿನ ಆಟಕ್ಕೆ ಬೇರೆ ಊರಿಗೆ ಹೋಗಿದ್ದಾರೆ ಅನ್ನಿ. ಅರ್ಜೆಂಟ್ ಕೇರ್ ಕ್ಲಿನಿಕ್ಕಿನ ಕೌಂಟರಿನಲ್ಲಿ ಮೊದಲ ಪ್ರಶ್ನೆಯೇ "ನೀವು ತಾಯಿಯಾ?" ಮಗುವನ್ನು ನಂಬಿ ಒಪ್ಪಿಸಿದ ದೊಡ್ಡವರಿಗೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ಪೋಷಕರು ಬರೆದುಕೊಡಬಹುದು, ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. ಒಂದು ಟೂರ್ನಮೆಂಟಿನಲ್ಲಿ ನಮ್ಮ ಗೋಲ್‌ಕೀಪರ್ ಮಣಿಕಟ್ಟು ಊದಿಸಿಕೊಂಡಾಗ ನಾನು ಆ ಹಾಳೆ ತೋರಿಸಿದೆ, ಎಕ್ಸ್‌ರೇ ಆಯಿತು. ಇಂಥದ್ದೊಂದು ಹೇಳಿದರೆ ಸಾಕು, ಬೇರೆ ಜ್ಞಾಪನೆ ಬೇಕಾಗುವುದಿಲ್ಲ. ಹೊಸಬರಿಗೆ ನಾನು ಶುರು ಮಾಡುವುದೇ ಇಲ್ಲಿಂದ.

ನಮ್ಮ ಕ್ಲಬ್ಬೇ ಟೂರ್ನಮೆಂಟ್ ನಡೆಸಿದಾಗ ಒಂದು ಉಪಾಯ ಮಾಡಿದೆವು. ಪಾರ್ಕಿಂಗ್ ಜಾಗ ಮತ್ತು ಮೈದಾನದ ನಕ್ಷೆಯನ್ನು ಫಾರಂ ಮುಗಿದ ಮೇಲೆ ಬರುವ ಪುಟದಲ್ಲೇ ಇಟ್ಟೆವು. "ಯಾವ ಫೀಲ್ಡು, ಎಲ್ಲಿ ಪಾರ್ಕ್ ಮಾಡೋದು?" ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಫಾರಂ ಕೊನೆಯಲ್ಲಿದೆ. ಬೇರೆ ಊರಿನ ಟೀಮುಗಳಿಂದಲೂ ಫಾರಂ ಬೇಗ ಬಂತು. ಕೊನೆಗೆ ಸಿಗದೆ ಒದ್ದಾಡಿಸಿದ್ದು ಗೆಸ್ಟ್ ಆಟಗಾರರದ್ದು. ಶುಕ್ರವಾರ ರಾತ್ರಿ ಇನ್ನೊಂದು ಟೀಮಿನಿಂದ ಎರವಲು ಬರುವ ಮಗುವಿನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕೋಚ್‌ಗೆ ಹೇಳಿಟ್ಟಿದ್ದೇನೆ, ಗೆಸ್ಟ್ ಕರೆಯುವ ಮೊದಲು ಆ ಅಮ್ಮನ ನಂಬರ್ ನನಗೆ ಕೊಡಿ ಅಂತ.

ಎಲ್ಲ ಆನ್‌ಲೈನ್ ಆದರೂ ಕಾರಿನಲ್ಲಿ ಒಂದು ಫೋಲ್ಡರ್ ಇಟ್ಟಿರುತ್ತೇನೆ, ಪ್ರಿಂಟ್ ತೆಗೆದದ್ದು. ಊರ ಹೊರಗಿನ ಮೈದಾನಗಳಲ್ಲಿ ಸಿಗ್ನಲ್ ಸಿಗುವುದು ಕಷ್ಟ. ಇನ್ಷೂರೆನ್ಸ್ ಕಾರ್ಡಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕುವವರಿಗೆ ತಕ್ಷಣ ಡಿಲೀಟ್ ಮಾಡಿಸುತ್ತೇನೆ. ಸೀಸನ್ ಮುಗಿದ ಮೇಲೆ ನನ್ನ ಕಾರಿನ ಪ್ರತಿಗಳೆಲ್ಲ ಶ್ರೆಡರ್‌ಗೆ. ಮೂಲ ಕ್ಲಬ್ಬಿನ ಸಿಸ್ಟಮ್‌ನಲ್ಲೇ ಇರುತ್ತದೆ. ಆಗಸ್ಟಿನಲ್ಲಿ ಹೊಸ ಸೀಸನ್, ಹೊಸ ಲಿಂಕು. ಅದಕ್ಕೆ ಜುಲೈ ಕೊನೆಯಲ್ಲೇ ಎಲ್ಲರ ಇಮೇಲ್ ಇನ್ನೂ ನಡೆಯುತ್ತಿದೆಯಾ ಅಂತ ಒಮ್ಮೆ ಕೇಳಿಟ್ಟುಕೊಳ್ಳುತ್ತೇನೆ.