ಬ್ರಿಟನ್‌ನಲ್ಲಿ ಹಳೇ ಮೋಟರ್‌ಹೋಮ್: ಕೊಳ್ಳುವ ಮುಂಚೆ ಗೋಡೆ ಮುಟ್ಟಿ ನೋಡಿ

ರಜೆಗೆ ಬೆಳಗಾವಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೆಎಲ್‌ಇಯಲ್ಲಿ ಓದಿ ಇಂಗ್ಲೆಂಡಿನ ಆಸ್ಪತ್ರೆ ಸೇರಿದವರು, ಬಾಗಲಕೋಟೆಯಿಂದ ಹೋದ ಇಂಜಿನಿಯರುಗಳು, ವಿಜಯಪುರದ ನರ್ಸುಗಳು, ಎಲ್ಲರೂ ಕೇಳುವುದು ಇದನ್ನೇ: ‘ಒಂದು ಸಣ್ಣ ಹಳೇ ಮೋಟರ್‌ಹೋಮ್ ತಗೊಂಡ್ರೆ ಹೆಂಗೆ?’ ಮೋಟರ್‌ಹೋಮ್ ಅಂದರೆ ಒಳಗೇ ಹಾಸಿಗೆ, ಅಡುಗೆ ಒಲೆ ಇರುವ ಗಾಡಿ. ಆಸೆ ಸಹಜ. ಊರಿಂದ ಅಪ್ಪ ಅಮ್ಮ ಬಂದರೆ ಸ್ಕಾಟ್‌ಲೆಂಡ್ ತೋರಿಸಬೇಕು. ಹೋಟೆಲು ದುಬಾರಿ. ಅವರಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಕು, ಮಧ್ಯಾಹ್ನ ಕಾಲು ಚಾಚೋಕೆ ಜಾಗ ಬೇಕು. ನಾನು ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಇಂಜಿನ್ ನೋಡಿ ತಗೊಳ್ಳಬೇಡಿ. ಗೋಡೆ ನೋಡಿ ತಗೊಳ್ಳಿ.

ಇಂಜಿನ್ ಅಂದರೆ ನಮ್ಮವರಿಗೆ ಹೆದರಿಕೆ ಇಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿ, ಲೇಥ್ ನೋಡುತ್ತ ಬೆಳೆದವರು ಬಾನೆಟ್ ಎತ್ತಿದ ಕೂಡಲೇ ಅರ್ಧ ಲೆಕ್ಕ ಹಾಕಿಬಿಡುತ್ತಾರೆ. ಫೋಕ್ಸ್‌ವ್ಯಾಗನ್ ಟಿ4, ಫೋರ್ಡ್ ಟ್ರಾನ್ಸಿಟ್, ಟಾಲ್ಬಟ್ ಎಕ್ಸ್‌ಪ್ರೆಸ್ ಇವೆಲ್ಲ ಎಷ್ಟೋ ಮೆಕ್ಯಾನಿಕ್‌ಗಳ ಕೈ ಪಳಗಿದ ಗಾಡಿಗಳು. ಜಪಾನಿನಿಂದ ಬಂದ ಮಾಜ್ದಾ ಬೊಂಗೊ ಆದರೆ ಕೂಲಂಟ್ ಪೈಪುಗಳ ಮೇಲೆ ಕಣ್ಣಿಡಬೇಕು, ಅದು ಬಿಸಿಯಾಗುವ ಖಾಯಿಲೆಗೆ ಹೆಸರಾದ ಗಾಡಿ. ಇಂಥವನ್ನೆಲ್ಲ ರಿಪೇರಿ ಮಾಡಬಹುದು. ಗೋಡೆಯೊಳಗೆ ಇಳಿದ ನೀರಿನ ಕಥೆಯೇ ಬೇರೆ.

ಹಳೇ ಮೋಟರ್‌ಹೋಮ್‌ಗಳಲ್ಲಿ ಹೆಚ್ಚಿನವಕ್ಕೆ ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ಒಳಗೆ ತೆಳ್ಳಗಿನ ಪ್ಲೈವುಡ್, ನಡುವೆ ಮರದ ಚೌಕಟ್ಟು ಮತ್ತು ಫೋಮ್. ಹಾಳೆಗಳು ಸೇರುವ ಕಡೆ ಹಚ್ಚಿದ ಸೀಲಂಟ್ (ನೀರು ತಡೆಯುವ ಅಂಟು) ವರ್ಷ ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಅಲ್ಲಿಂದ ಮಳೆ ನೀರು ಒಳಗೆ ಇಳಿಯುತ್ತದೆ. ಒಳಗೆ ಮರ ಕೊಳೆಯುತ್ತಿದ್ದರೂ ಮೇಲಿನ ವಾಲ್‌ಪೇಪರ್ ಚೆಂದವಾಗೇ ಕಾಣುತ್ತದೆ. ವಿಜಯಪುರ, ಬಾಗಲಕೋಟೆಯ ಒಣ ಸೀಮೆಯಿಂದ ಬಂದವರ ಕಣ್ಣಿಗೆ ಇದು ಬೇಗ ಬೀಳುವುದಿಲ್ಲ. ಖಾನಾಪುರದ ಮಳೆ ಕಂಡವರು ಮೂಗಿನಿಂದಲೇ ಹಿಡಿಯುತ್ತಾರೆ. ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬಂದರೆ, ಅಥವಾ ಏರ್ ಫ್ರೆಶ್‌ನರ್ ವಾಸನೆ ಜಾಸ್ತಿ ಇದ್ದರೆ, ಅಲ್ಲೇ ಹುಷಾರಾಗಿ.

ನೋಡುವ ರೀತಿ ಹೀಗೆ. ಕಿಟಕಿಯ ಕೆಳಗಿನ ಮೂಲೆಗಳನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಪ್ಲೈವುಡ್ ಒಳಗೆ ಜಗ್ಗಬಾರದು. ಹಾಸಿಗೆ ಎತ್ತಿ ಕೆಳಗಿನ ಪೆಟ್ಟಿಗೆಗಳ ಮೂಲೆಯಲ್ಲಿ ಕೈಯಾಡಿಸಿ. ಡ್ರೈವರ್ ತಲೆಯ ಮೇಲಿನ ಭಾಗ, ಚಾವಣಿಯ ವೆಂಟ್ ಸುತ್ತ, ಹಿಂದಿನ ದೀಪಗಳ ಒಳಮೈ, ಇವು ಮೊದಲು ಸೋರುವ ಜಾಗಗಳು. ಗೋಡೆಯ ತೇವ ಅಳೆಯುವ ಡ್ಯಾಂಪ್ ಮೀಟರ್ ಜೊತೆಯಲ್ಲಿ ಒಯ್ಯಿರಿ. ತೇವ ಶೇ. 15ರೊಳಗೆ ಇದ್ದರೆ ಚಿಂತೆ ಇಲ್ಲ. 20 ದಾಟಿದರೆ ಗೋಡೆ ಬಿಚ್ಚುವ ಕೆಲಸ ಕಾದಿದೆ ಅಂತಲೇ ತಿಳಿಯಿರಿ. ಬಿಸಿಲಿನ ದಿನ ಹೋಗಿ ನೋಡುವುದಕ್ಕಿಂತ ನಾಲ್ಕು ದಿನ ಮಳೆ ಹೊಡೆದ ಮೇಲೆ ಹೋಗುವುದು ಒಳ್ಳೆಯದು.

ಈಗ ಕಾಗದಪತ್ರ. ನಮ್ಮವರು ಗಲಿಬಿಲಿಗೊಳ್ಳುವುದು ಇಲ್ಲೇ. ನಮ್ಮಲ್ಲಿ ಕೆಎ-22, ಕೆಎ-28, ಕೆಎ-29 ಯಾವುದೇ ಇರಲಿ, ಆರ್‌ಸಿ ಯಾರ ಹೆಸರಿಗೆ ಇದೆಯೋ ಗಾಡಿ ಅವರದು. ಬ್ರಿಟನ್‌ನಲ್ಲಿ ಆರ್‌ಸಿಯ ಜಾಗದಲ್ಲಿ ವಿ5ಸಿ ಎಂಬ ಲಾಗ್‌ಬುಕ್ ಇದೆ. ಅದರಲ್ಲಿ ಇರುವುದು ಗಾಡಿಯ ಜವಾಬ್ದಾರಿ ಹೊತ್ತವರ ಹೆಸರು. ಇದು ಮಾಲೀಕತ್ವಕ್ಕೆ ಪುರಾವೆಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿದೆ. ಹಾಗಾಗಿ ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಬರೆಸಿಕೊಳ್ಳಲೇಬೇಕು. ಗಾಡಿಯ ಮೇಲೆ ಹಳೇ ಸಾಲ ಉಳಿದಿದೆಯಾ ಅಂತ ಸ್ವಲ್ಪ ಹಣ ಕೊಟ್ಟು ಚೆಕ್ ಮಾಡಿಸಿ. ಮಾರುವವರು ಗಾಡಿ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ ಆನ್‌ಲೈನ್‌ನಲ್ಲಿ ತಿಳಿಸಿ, ಲಾಗ್‌ಬುಕ್ಕಿನ ಹಸಿರು ಚೀಟಿಯನ್ನು ನಿಮಗೆ ಕೊಡುತ್ತಾರೆ. ಅದರಲ್ಲಿ 12 ಅಂಕಿಗಳ ನಂಬರ್ ಇರುತ್ತದೆ. ಆ ನಂಬರ್ ಹಾಕಿ ಅಲ್ಲೇ ನಿಂತು ರಸ್ತೆ ತೆರಿಗೆ ಕಟ್ಟಬಹುದು. ಕಟ್ಟದೆ ಗಾಡಿ ಹೊರಡಿಸುವಂತಿಲ್ಲ. ನಮ್ಮಲ್ಲಿ ಲೈಫ್ ಟ್ಯಾಕ್ಸ್ ಒಮ್ಮೆ ಕಟ್ಟಿದರೆ ಮುಗಿಯಿತು. ಅಲ್ಲಿ ಗಾಡಿ ಕೈ ಬದಲಾದ ಕೂಡಲೇ ಹಳೇ ತೆರಿಗೆ ರದ್ದು. ‘ಆರು ತಿಂಗಳ ತೆರಿಗೆ ಕಟ್ಟಿದೆ’ ಅಂತ ಮಾರುವವರು ಹೇಳಿದರೆ ಆ ಹಣ ಅವರಿಗೇ ವಾಪಸ್ ಹೋಗುತ್ತದೆ, ನಿಮಗೆ ಬರುವುದಿಲ್ಲ.

ನಮ್ಮ ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಎಫ್‌ಸಿ. ಅಲ್ಲಿ ಮೂರು ವರ್ಷ ತುಂಬಿದ ಗಾಡಿಗೆ ಪ್ರತಿ ವರ್ಷ ಎಂಓಟಿ ಪರೀಕ್ಷೆ. ಹೊಗೆ ಪರೀಕ್ಷೆಯೂ ಅದರಲ್ಲೇ ಸೇರಿದೆ. ಇದರ ದೊಡ್ಡ ಅನುಕೂಲ ಏನೆಂದರೆ, ನಂಬರ್ ಪ್ಲೇಟ್ ಹಾಕಿದರೆ ಸರ್ಕಾರಿ ವೆಬ್‌ಸೈಟಿನಲ್ಲಿ ಹಳೇ ಪರೀಕ್ಷೆಗಳ ಇತಿಹಾಸ ಪುಕ್ಕಟೆ ಸಿಗುತ್ತದೆ. ಕಿಲೋಮೀಟರ್ ಅಲ್ಲ, ಮೈಲಿಗಳಲ್ಲಿ ಓಟ ಬರೆದಿರುತ್ತದೆ. ಅಲ್ಲಿ ‘ತುಕ್ಕು’ ಎಂಬ ಎಚ್ಚರಿಕೆ ವರ್ಷ ವರ್ಷವೂ ಮರುಕಳಿಸಿದೆಯಾ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಗಾಡಿಯ ತಳವನ್ನು ತಿನ್ನುತ್ತದೆ. ಸಸ್ಪೆನ್ಷನ್, ಸೀಟ್‌ಬೆಲ್ಟ್ ಮುಂತಾದವು ಬಿಗಿದಿರುವ ಜಾಗದ 30 ಸೆಂಟಿಮೀಟರ್ ಒಳಗೆ ಲೋಹ ತೂತು ಬಿದ್ದಿದ್ದರೆ ಫೇಲು.

ಆದರೆ ಒಂದು ಮಾತು ನೆನಪಿಡಿ. ಎಂಓಟಿ ಪಾಸಾದರೆ ಗಾಡಿ ರಸ್ತೆಗೆ ಸರಿ ಅಂತ ಅಷ್ಟೇ. ಒಲೆ, ಫ್ರಿಜ್, ಗ್ಯಾಸ್ ಪೈಪು, ಸೋರುವ ಗೋಡೆ ಇದ್ಯಾವುದನ್ನೂ ಅವರು ನೋಡುವುದಿಲ್ಲ. ಅದಕ್ಕೆ ಹ್ಯಾಬಿಟೇಷನ್ ಚೆಕ್ ಅಂತ ಬೇರೆ ಪರೀಕ್ಷೆ ಇದೆ. ಕಾನೂನಿನ ಒತ್ತಾಯ ಇಲ್ಲ, ಹಾಗಂತ ಬಿಡಬೇಡಿ.

ಲೈಸೆನ್ಸ್ ವಿಷಯ ಬೇಗ ಹೇಳುತ್ತೇನೆ. ಭಾರತದ ಲೈಸೆನ್ಸ್ ಅಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ನಡೆಯುತ್ತದೆ. ಆಮೇಲೆ ಅಲ್ಲಿನ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಕೊಡಬೇಕು. ಈಗ ಸಿಗುವ ಕಾರ್ ಲೈಸೆನ್ಸಿನಲ್ಲಿ ಪೆಟ್ರೋಲ್, ಡೀಸೆಲ್ ಗಾಡಿ 3,500 ಕಿಲೋವರೆಗೆ ಮಾತ್ರ. ಬೇಗ ಪಾಸಾಗಲಿ ಅಂತ ಎಷ್ಟೋ ಜನ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಡುತ್ತಾರೆ. ಅವರು ಗೇರ್ ಗಾಡಿ ಓಡಿಸುವಂತಿಲ್ಲ, ಹಳೇ ಮೋಟರ್‌ಹೋಮ್‌ಗಳೋ ಬಹುಪಾಲು ಗೇರಿನವೇ. ಈ ಆಸೆ ಇದ್ದರೆ ಮ್ಯಾನುಯಲ್‌ನಲ್ಲೇ ಪರೀಕ್ಷೆ ಕೊಡಿ.

ತೂಕದ ಲೆಕ್ಕವನ್ನು ಹಗುರ ಮಾಡಬೇಡಿ. ಗಾಡಿಯ ಪ್ಲೇಟಿನಲ್ಲಿ ಗರಿಷ್ಠ ತೂಕ ಇರುತ್ತದೆ. ಗಾಡಿ, ಜನ, ನೀರು, ಸಿಲಿಂಡರ್, ಜೋಳದ ಹಿಟ್ಟಿನ ಚೀಲ ಎಲ್ಲ ಅದರೊಳಗೇ ಬರಬೇಕು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 60 ಲೀಟರ್ ತುಂಬಿಸಿಕೊಂಡು ಹೊರಟರೆ ಒಬ್ಬ ಆಳನ್ನು ಹೆಚ್ಚಿಗೆ ಕೂರಿಸಿದಷ್ಟೇ. ತುಂಬಿದ ಗಾಡಿಯನ್ನು ಒಮ್ಮೆ ವೇ ಬ್ರಿಜ್ ಮೇಲೆ ನಿಲ್ಲಿಸಿ ತೂಗಿಸಿ. ಮಲಗಲು ನಾಲ್ಕು ಜನಕ್ಕೆ ಜಾಗ ಇದ್ದರೂ ಬೆಲ್ಟ್ ಇರುವ ಸೀಟು ಎರಡೇ ಇರಬಹುದು. 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಎರಡರಲ್ಲಿ ಒಂದು ಆಗುವ ತನಕ ಮಕ್ಕಳಿಗೆ ಚೈಲ್ಡ್ ಸೀಟ್ ಬೇಕು. ಪಕ್ಕಕ್ಕೆ ಮುಖ ಮಾಡಿದ ಬೆಂಚಿಗೆ ಅದನ್ನು ಕೂರಿಸಲು ಆಗುವುದಿಲ್ಲ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2316 ಅಂತಿದ್ದರೆ 2016ರ 23ನೇ ವಾರ ತಯಾರಾದದ್ದು. ನಿಂತೇ ಇರುವ ಗಾಡಿಯ ಟೈರು ಸವೆಯುವ ಮುಂಚೆ ಬಿರಿಯುತ್ತದೆ. ಪೆಟ್ರೋಲ್ ಗಾಡಿಯಾದರೆ ಇನ್ನೊಂದು ವಿಷಯ: 2021ರ ಸೆಪ್ಟೆಂಬರ್‌ನಿಂದ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ಶೇ. 10ರವರೆಗೆ ಎಥನಾಲ್ ಬೆರೆಸಿದ್ದು. ಹಳೇ ಗಾಡಿಯ ರಬ್ಬರ್ ಪೈಪುಗಳಿಗೆ ಅದು ಒಗ್ಗದಿರಬಹುದು, ಎಥನಾಲ್ ಕಡಿಮೆ ಇರುವ ಸೂಪರ್ ಇ5 ಹಾಕಿಸಿ.

ರಿಪೇರಿಗೆ ಇಳಿದರೆ ಮೊದಲ ಕೆಲಸ ಸೀಲಂಟ್. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಮುಟ್ಟಲೇಬೇಡಿ. ಅದರ ಮೇಲೆ ಮುಂದೆ ಬೇರೆ ಏನೂ ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಬಿಚ್ಚಬೇಕಾದ ಪಟ್ಟಿಗಳ ಅಡಿಗೆ ಬ್ಯೂಟೈಲ್ ಎಂಬ ಅಂಟು ರಬ್ಬರಿನ ಟೇಪು ಹಾಕಿ. ಸಣ್ಣ ಫಿಟಿಂಗುಗಳ ಬಗ್ಗೆ ನಾನು ಊರನ್ನು ನಂಬುತ್ತೇನೆ. ನನ್ನ ಗಾಡಿಯ ಮಡಚುವ ಮೇಜಿನ ಕಾಲು ಕೂರುವ ಬುಷ್ ಎಲ್ಲೂ ಸಿಗುತ್ತಿರಲಿಲ್ಲ. ವರ್ನಿಯರ್ ಹಿಡಿದು ಅಳತೆ ತೆಗೆದು, ಒಡೆದ ಪ್ಲಾಸ್ಟಿಕ್ ತುಂಡನ್ನು ಬ್ಯಾಗಿನಲ್ಲಿ ತಂದು, ಉದ್ಯಮಬಾಗದ ಒಂದು ಲೇಥಿನಲ್ಲಿ ಅಲ್ಯೂಮಿನಿಯಂದು ಮಾಡಿಸಿದೆ. ಅಂಚಿಗೆ ಸಣ್ಣ ಇಳಿಜಾರು ಕೊಟ್ಟು, ಬೆರಳಿಗೆ ಚುಚ್ಚದಂತೆ ಉಜ್ಜಿ ಕೊಟ್ಟರು. ಕಾಲು ಈಗ ಅಲುಗಾಡದೆ ಕೂರುತ್ತದೆ. ಬೀರುವಿನ ಕೊಂಡಿ, ಕಿಟಕಿಯ ತಿರುಪು ಇಂಥವಕ್ಕೆ ಈ ದಾರಿ ಸೈ. ಬ್ರೇಕು, ಸ್ಟೀರಿಂಗು, ಸೀಟ್‌ಬೆಲ್ಟು, ಗ್ಯಾಸಿಗೆ ಖಂಡಿತ ಬೇಡ.

ಗ್ಯಾಸಿನ ಕೆಲಸ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವ, ಅದರಲ್ಲೂ ಇಂಥ ಗಾಡಿಗಳ ಎಲ್‌ಪಿಜಿ ಕೆಲಸಕ್ಕೆ ಅರ್ಹತೆ ಪಡೆದವರಿಗೇ ಕೊಡಿ. ನೀಲಿ ಸಿಲಿಂಡರ್ ಬ್ಯೂಟೇನ್, ಸೊನ್ನೆ ಡಿಗ್ರಿ ಹತ್ತಿರ ಅದು ಉರಿಯಲು ಬೇಕಾದಷ್ಟು ಆವಿಯಾಗುವುದಿಲ್ಲ. ಚಳಿಗೆ ಕೆಂಪು ಸಿಲಿಂಡರಿನ ಪ್ರೊಪೇನ್ ಬೇಕು. ನೆಲದಲ್ಲಿ ಕಾಣುವ ತೂತುಗಳನ್ನು ಚಳಿ ಗಾಳಿ ಬರುತ್ತದೆ ಅಂತ ಬಟ್ಟೆ ತುರುಕಿ ಮುಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗಿನಿಂದ ಹೊರಗೆ ಹೋಗಲಿ ಅಂತಲೇ ಅವು ಇವೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ರೊಟ್ಟಿ ಮಾಡುವಾಗ ನೀರು ಸವರಿದ ಹಿಟ್ಟಿನಿಂದ ಎದ್ದ ಆವಿ ತಣ್ಣನೆ ಕಿಟಕಿಗೆ ಹತ್ತಿ ಹನಿಹನಿಯಾಗಿ ಇಳಿಯುತ್ತದೆ. ಗೋಡೆಗೆ ಅದೂ ನೀರೇ. ಚಾವಣಿಯ ವೆಂಟ್ ತೆರೆದೇ ತವಾ ಇಡಿ.

ರಾತ್ರಿ ಎಲ್ಲಿ ನಿಲ್ಲಿಸುವುದು? ಸ್ಕಾಟ್‌ಲೆಂಡಿನಲ್ಲಿ ಎಲ್ಲಿ ಬೇಕಾದರೂ ತಂಗಬಹುದು ಅಂತ ಕೇಳಿರುತ್ತೀರಿ. 2003ರ ಕಾನೂನು ಕೊಟ್ಟ ಆ ಹಕ್ಕು ಡೇರೆ ಹಾಕುವವರಿಗೆ, ಮೋಟಾರು ಗಾಡಿಗಲ್ಲ. ಇಂಥ ಗಾಡಿ ಇರುವವರ ದೊಡ್ಡ ಕ್ಲಬ್ಬುಗಳ ಸದಸ್ಯರಾದರೆ ರೈತರ ಹೊಲದಲ್ಲಿ ಐದೇ ಗಾಡಿ ನಿಲ್ಲುವ ಸಣ್ಣ ಸೈಟುಗಳು ಸಿಗುತ್ತವೆ. ನಮ್ಮ ಹಿರಿಯರಿಗೆ ಅಲ್ಲಿನ ನೆಮ್ಮದಿ ತುಂಬ ಹಿಡಿಸುತ್ತದೆ, ಕುರಿ ನೋಡುತ್ತ ಕೂತುಬಿಡುತ್ತಾರೆ.

ಅಪ್ಪ ಅಮ್ಮನನ್ನು ಕರೆತರಲು ಹೀಥ್ರೂಗೆ ಈ ಗಾಡಿ ಒಯ್ಯುವ ಮುಂಚೆ ಯುಲೆಜ್ (ಹೆಚ್ಚು ಹೊಗೆ ಉಗುಳುವ ಗಾಡಿಗೆ ಶುಲ್ಕ ಹಾಕುವ ವಲಯ) ನೋಡಿಕೊಳ್ಳಿ. 2023ರ ಆಗಸ್ಟ್ 29ರಿಂದ ಅದು ಇಡೀ ಲಂಡನ್‌ಗೆ ಹಬ್ಬಿದೆ. ಪೆಟ್ರೋಲಿಗೆ ಯೂರೋ 4, ಡೀಸೆಲಿಗೆ ಯೂರೋ 6 ಹೊಗೆ ಮಟ್ಟ ಬೇಕು. ಇಲ್ಲದಿದ್ದರೆ ದಿನಕ್ಕೆ 12.50 ಪೌಂಡ್. ಹಳೇ ಡೀಸೆಲ್ ಗಾಡಿ ಇದ್ದವರು ಕೋಚ್ ಹಿಡಿದು ಹೋಗಿ ಕರೆತರುವುದೇ ಸಲೀಸು.

ಚಳಿಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕು, ಬಾಯ್ಲರ್ ಪೂರ್ತಿ ಖಾಲಿ ಮಾಡಿ, ನಲ್ಲಿಗಳನ್ನು ತೆರೆದಿಡಿ. ನೀರು ಹೆಪ್ಪುಗಟ್ಟಿದರೆ ಪೈಪು ಸೀಳುತ್ತದೆ. ಒಳಗಿನ ಬ್ಯಾಟರಿ 12.2 ವೋಲ್ಟ್‌ಗಿಂತ ಕೆಳಗೆ ಇಳಿಯಲು ಬಿಡಬೇಡಿ. ಮನೆಯ ಅಂಗಳ ನಿಮ್ಮದಾಗಿದ್ದರೆ ಡಿವಿಎಲ್‌ಎಗೆ ಸೋರ್ನ್ (ಗಾಡಿ ರಸ್ತೆಗೆ ಇಳಿಯುವುದಿಲ್ಲ ಎಂಬ ಘೋಷಣೆ) ತಿಳಿಸಿ ತೆರಿಗೆ ನಿಲ್ಲಿಸಬಹುದು, ಅದಕ್ಕೆ ಶುಲ್ಕ ಇಲ್ಲ. ಆದರೆ ಸೋರ್ನ್ ಆದ ಗಾಡಿ ಮನೆ ಮುಂದಿನ ರಸ್ತೆಯಲ್ಲೂ ನಿಲ್ಲುವಂತಿಲ್ಲ. ಮುಂಚೆಯೇ ಬುಕ್ ಮಾಡಿದ ಎಂಓಟಿಗೆ ಹೋಗಿ ಬರಲು ಮಾತ್ರ ಓಡಿಸಬಹುದು, ಅದಕ್ಕೂ ಇನ್ಶೂರೆನ್ಸ್ ಇರಬೇಕು.